ಮುಂದಿನ ಸೀಟಿಗೆ ಬಂದ ಹಾಡು

“ಹಾಡು ಬೆನ್ನ ಹಿಂದಿನಿಂದ ಬರುತ್ತೆ ಕಣೋ, ಯಾರೋ ಚಾಡಿ ಹೇಳಿದ ಹಾಗೆ. ಒಂದು ಮಾತೂ ತಿಳಿಯೋಲ್ಲ.”

ಹೆಬ್ಬಾಳದ ಫ್ಲೈಓವರ್ ಕೆಳಗೆ ಸಿಗ್ನಲ್‌ಗಾಗಿ ಕಾಯುತ್ತಾ ನಿಂತಿದ್ದಾಗ ಅಪ್ಪ ಹೀಗೆಂದರು. ಅಪ್ಪನಿಗೆ ಎಂಬತ್ತೈದು. ನಮ್ಮ ಕಾರಿಗೆ ಐವತ್ತು ದಾಟಿದೆ. ನನಗೆ ಐವತ್ತೈದು. ಮೂವರಲ್ಲಿ ಸದ್ದು ಹೆಚ್ಚು ಮಾಡುವುದು ಕಾರು, ದೂರು ಹೆಚ್ಚು ಹೇಳುವುದು ಅಪ್ಪ, ಎರಡನ್ನೂ ರಿಪೇರಿ ಮಾಡಿಸುವುದು ನಾನು. ಆದ್ದರಿಂದ ಆ ದೂರನ್ನೂ ನಾನು ಮಾಮೂಲಿನಂತೆ ಪಟ್ಟಿಗೆ ಸೇರಿಸಿಕೊಂಡೆ.

ಕಾರು 1974ರ ಪ್ರೀಮಿಯರ್ ಪದ್ಮಿನಿ. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ಇಟಲಿಯ ಫಿಯೆಟ್ ಕಂಪನಿಯ 1100 ಮಾದರಿಯನ್ನು ಪರವಾನಗಿ ಪಡೆದು ತಯಾರಿಸುತ್ತಿದ್ದರಲ್ಲ, ಅದೇ ಕಾರು. ಮೊದಲು ಫಿಯೆಟ್ ಎಂದೇ ಹೆಸರು, ಆಮೇಲೆ ಸ್ವಲ್ಪ ಕಾಲ ಪ್ರೆಸಿಡೆಂಟ್, ಕೊನೆಗೆ ಪದ್ಮಿನಿ. ಹೆಸರು ಏನೇ ಆದರೂ ನಮ್ಮ ಜನ ಕೊನೆಯತನಕ ಅದನ್ನು ಫಿಯೆಟ್ ಎಂದೇ ಕರೆದರು. 1089 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್, ಸ್ಟಿಯರಿಂಗ್ ಪಕ್ಕದಲ್ಲೇ ಗೇರಿನ ಕಡ್ಡಿ, ಬಾಗಿಲಿನ ಕಿಟಕಿಗೆ ಅಂಟಿಕೊಂಡು ಗಾಳಿಗಾಗಿ ತಿರುಗಿಸುವ ಪುಟ್ಟ ತ್ರಿಕೋನದ ಗಾಜು. ಅಪ್ಪ ಇದನ್ನು 1986ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡರು. ಆಗ ಅವರು ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ನೌಕರಿಯಲ್ಲಿದ್ದರು. ಎಂ.ವೈ. ಅಕ್ಷರಗಳ ಹಳೆಯ ನಂಬರಿನ ಆ ಕಾರು ಮನೆಗೆ ಬಂದ ದಿನ ಅಮ್ಮ ಚಕ್ರದಡಿಗೆ ನಿಂಬೆಹಣ್ಣು ಇಟ್ಟದ್ದು, ಅಪ್ಪ ಹಿಂದಕ್ಕೆ ಹೋಗಿ ಬೇಲಿಗೆ ತಾಗಿಸಿದ್ದು, ಹಣ್ಣು ಅಲ್ಲೇ ಉಳಿದದ್ದು, ಎಲ್ಲವೂ ನೆನಪಿದೆ.

ಆಗಿನ ಹೆಬ್ಬಾಳವೇ ಬೇರೆ. ಬಳ್ಳಾರಿ ರಸ್ತೆಯ ಇಕ್ಕೆಲದಲ್ಲೂ ಮರಗಳಿದ್ದವು. ಕೆರೆಯ ಏರಿ ದಾಟಿದರೆ ಊರು ಮುಗಿಯಿತು ಎಂದೇ ಲೆಕ್ಕ. 2003ರಲ್ಲಿ ಫ್ಲೈಓವರ್ ಬಂತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ಈಗ ಕೆಂಪಾಪುರದ ನಮ್ಮ ಮನೆಯಿಂದ ಆರ್.ಟಿ. ನಗರದ ನನ್ನ ಶಾಲೆಗೆ ಹೋಗುವಷ್ಟರಲ್ಲಿ ಒಂದು ಕ್ಯಾಸೆಟ್ಟಿನ ಒಂದು ಬದಿ ಪೂರ್ತಿ ಮುಗಿಯುತ್ತದೆ. ಹಾಡು ಕೇಳುವವನಿಗೆ ಈ ಟ್ರಾಫಿಕ್ಕಿನಷ್ಟು ಉಪಕಾರಿ ಮತ್ತೊಂದಿಲ್ಲ.

ಕಾರಿಗೆ ಹಾಡು ತಂದವನು ನಾನೇ. 1994ರಲ್ಲಿ ಬಿ.ಎಡ್. ಮುಗಿಸಿ ಮೇಷ್ಟ್ರಾದಾಗ ಮೊದಲ ಸಂಬಳಕ್ಕೆ ಇನ್ನಷ್ಟು ಸಾಲ ಸೇರಿಸಿ ಎಸ್.ಪಿ. ರಸ್ತೆಯಿಂದ ಕಾರಿನ ಟೇಪ್ ರೆಕಾರ್ಡರ್ ಒಂದನ್ನೂ ಎರಡು ಸ್ಪೀಕರುಗಳನ್ನೂ ತಂದೆ. ಸ್ಪೀಕರುಗಳನ್ನು ಆಗಿನ ಪದ್ಧತಿಯಂತೆ ಹಿಂದಿನ ಸೀಟಿನ ಬೆನ್ನಿಗೆ, ಗಾಜಿನ ಕೆಳಗಿರುವ ಹಲಗೆಯ ಮೇಲೆ ಕೂರಿಸಿದ್ದಾಯಿತು. ಎಲ್ಲರ ಕಾರಿನಲ್ಲೂ ಅಲ್ಲೇ ಇರುತ್ತಿದ್ದವು. ಹಿಂದಿನಿಂದ ನೋಡುವವರಿಗೆ ಕಾಣಬೇಕಲ್ಲ! ಅಮ್ಮ ಯಾವಾಗಲೂ ಹಿಂದಿನ ಸೀಟಿನಲ್ಲೇ ಕೂರುತ್ತಿದ್ದಳು. ಮುಂದೆ ಕೂತರೆ ಎದುರು ಬರುವ ಲಾರಿಗಳೆಲ್ಲ ತನ್ನ ಮೇಲೇ ಬರುತ್ತವೆ ಎಂದು ಅವಳಿಗೆ ಭಯ. ಹೀಗಾಗಿ ಹಾಡು ಚೆನ್ನಾಗಿ ಕೇಳುತ್ತಿದ್ದದ್ದು ಅವಳಿಗೆ. ಕಾರು ಓಡಿಸುವ ಅಪ್ಪನಿಗೆ ಸಿಗುತ್ತಿದ್ದದ್ದು ಉಳಿದದ್ದು.

ಅಮ್ಮ ಹೋಗಿ ನಾಲ್ಕು ವರ್ಷವಾಯಿತು. ಅಪ್ಪ ಕಾರು ಓಡಿಸುವುದನ್ನು ಬಿಟ್ಟದ್ದೂ ಆ ವರ್ಷವೇ. ಈಗ ನಾನು ಓಡಿಸುತ್ತೇನೆ, ಅವರು ನನ್ನ ಎಡಕ್ಕೆ ಕೂರುತ್ತಾರೆ. ಸಿಗ್ನಲ್‌ನಲ್ಲಿ ಅವರು ದೂರು ಹೇಳಿದಾಗ ನಾನು ಕೇಳಿದೆ: “ಇಷ್ಟು ವರ್ಷ ಅದೇ ಸ್ಪೀಕರ್ ಇತ್ತಲ್ಲಪ್ಪ, ಆಗ ಯಾಕೆ ಹೇಳಲಿಲ್ಲ?”

“ಆಗ ಹಿಂದೆ ಜನ ಇದ್ದರು,” ಎಂದರು ಅಪ್ಪ. ಹಸಿರು ದೀಪ ಬಂತು. ನಾನು ಗೇರು ಹಾಕಿದೆ.

ಮನೆಗೆ ಬಂದ ಮೇಲೆ ನನ್ನೊಳಗಿನ ಮೇಷ್ಟ್ರು ಎಚ್ಚೆತ್ತ. ಅಪ್ಪನ ಮಾತು ಬರೀ ಬೇಸರದ ಮಾತಲ್ಲ, ಅದರಲ್ಲಿ ಭೌತಶಾಸ್ತ್ರವೂ ಇದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಹೆಚ್ಚು ಕಂಪನಾಂಕದ ಧ್ವನಿಗಳನ್ನು. ಅ, ಆ, ಒ ಮುಂತಾದ ಸ್ವರಗಳ ಬಲವೆಲ್ಲ ಸೆಕೆಂಡಿಗೆ ಸಾವಿರದ ಆಸುಪಾಸಿನ ಮತ್ತು ಅದಕ್ಕಿಂತ ಕೆಳಗಿನ ಕಂಪನಗಳಲ್ಲಿದೆ. ಸ, ಷ, ತ, ಚ ಇಂಥ ವ್ಯಂಜನಗಳ ಗುರುತು ಇರುವುದು ಎರಡು ಸಾವಿರದಿಂದ ಎಂಟು ಸಾವಿರದವರೆಗಿನ ಕಂಪನಗಳಲ್ಲಿ. ಆದ್ದರಿಂದಲೇ ಮುದುಕರಿಗೆ ‘ಕೇಳಿಸುತ್ತೆ, ಆದರೆ ತಿಳಿಯೋಲ್ಲ.’ ಸ್ವರ ಕೇಳಿಸುತ್ತದೆ, ವ್ಯಂಜನ ಜಾರುತ್ತದೆ. ನಾವು ಇದನ್ನು ಅರಿಯದೆ ಇನ್ನೂ ಜೋರಾಗಿ ಕೂಗುತ್ತೇವೆ. ಅವರು ‘ಯಾಕೋ ಕಿರುಚುತ್ತೀಯ’ ಎಂದು ಬೈಯುತ್ತಾರೆ. ಇಬ್ಬರದೂ ಸರಿ.

ಇದರ ಮೇಲೆ ಕಾರಿನ ಸೀಟು ಬೇರೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನೂರು ಕಂಪನದ ಧ್ವನಿಯ ಅಲೆ 3.4 ಮೀಟರ್ ಉದ್ದ. ಅದು ಸೀಟನ್ನು ಬಳಸಿಕೊಂಡು ಆರಾಮವಾಗಿ ಮುಂದಕ್ಕೆ ಬರುತ್ತದೆ. ಐದು ಸಾವಿರ ಕಂಪನದ್ದು ಏಳು ಸೆಂಟಿಮೀಟರೂ ಇಲ್ಲ. ಅದು ಬಳಸಿ ಬರಲಾರದು, ಸೀಟಿನ ಬೆನ್ನಿನ ಸ್ಪಂಜಿಗೆ ಬಡಿದು ಅಲ್ಲೇ ಇಂಗಿಹೋಗುತ್ತದೆ. ಅಂದರೆ ಅಪ್ಪನಿಗೆ ಬೇಕಾದ ವ್ಯಂಜನಗಳನ್ನು ಅರ್ಧ ಕಿವಿ ನುಂಗುತ್ತಿತ್ತು, ಇನ್ನರ್ಧ ಸೀಟು ನುಂಗುತ್ತಿತ್ತು. ಅವರು ಕೇಳುವುದು ಭಾವಗೀತೆ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ ಬಂದಿತಲ್ಲ, ಅಲ್ಲಿಂದ ಹಿಡಿದ ಹುಚ್ಚು. ಭಾವಗೀತೆಯಲ್ಲಿ ಮಾತು ಹೋದರೆ ಇನ್ನೇನು ಉಳಿಯಿತು? ಕಿವಿಯ ಯಂತ್ರ ಮನೆಯಲ್ಲಿದೆ, ಆದರೆ ಡ್ರಾಯರಿನಲ್ಲಿದೆ. “ಅದನ್ನಿಟ್ಟರೆ ಹಾಡಿಗಿಂತ ಮೊದಲು ಎಂಜಿನ್ನೇ ಕೇಳುತ್ತೆ” ಎಂಬುದು ಅಪ್ಪನ ವಾದ. ಪದ್ಮಿನಿಯಲ್ಲಿ ಕೂತವರು ಯಾರೂ ಅದನ್ನು ಅಲ್ಲಗಳೆಯಲಾರರು.

ಸರಿ, ಮುಂದುಗಡೆ ಎರಡು ಸ್ಪೀಕರ್ ಹಾಕಿಸೋಣ ಎಂದು ಒಂದು ಶನಿವಾರ ಜೆ.ಸಿ. ರಸ್ತೆಗೆ ಹೋದೆವು. ಅಂಗಡಿಯ ಹುಡುಗ ಬಾಗಿಲನ್ನು ಬೆರಳಿನಿಂದ ತಟ್ಟಿ ನೋಡಿ, “ಇಲ್ಲಿ ಆರಿಂಚು ರೌಂಡ್ ಕಟ್ ಮಾಡಿಬಿಡ್ತೀನಿ ಸಾರ್, ಒಂದು ಗಂಟೆ ಕೆಲಸ” ಎಂದು ಕೊರೆಯುವ ಯಂತ್ರಕ್ಕೆ ಕೈಹಾಕಿದ. ಅಪ್ಪ ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು. “ಐವತ್ತು ವರ್ಷ ಒಂದು ತೂತಿಲ್ಲದೆ ಬಂದಿದೆ. ಈಗ ನನ್ನ ಕಿವಿ ಸರಿಯಿಲ್ಲ ಅಂತ ಅದಕ್ಕೆ ತೂತು ಮಾಡ್ತೀರಾ?” ಹುಡುಗ ನನ್ನ ಮುಖ ನೋಡಿದ. ನಾನು ಕಾರಿನ ಮುಖ ನೋಡಿದೆ.

ಅಪ್ಪನದು ಹಠವೆಂದು ಮೊದಲು ಅನ್ನಿಸಿತು. ಆಮೇಲೆ ಯೋಚಿಸಿದರೆ ನ್ಯಾಯವೇ. 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಂತೆ ಐವತ್ತು ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದ ವಾಹನಕ್ಕೆ ವಿಂಟೇಜ್ ಎಂಬ ಮರ್ಯಾದೆ ಇದೆ. ಹಾಗೆ ನೋಂದಾಯಿಸಿದರೆ ದಿನನಿತ್ಯ ಓಡಿಸುವಂತಿಲ್ಲ, ಆದ್ದರಿಂದ ನಮಗೆ ಅದು ಬೇಡ. ಒಂದು ಸ್ಪೀಕರಿನ ತೂತಿನಿಂದ ಮೂಲ ರೂಪ ಹಾಳಾಯಿತೆಂದು ಯಾವ ಅಧಿಕಾರಿಯೂ ಹೇಳಲಾರ. ಆದರೂ ಕತ್ತರಿಸಿದ ತಗಡು ಮತ್ತೆ ಬೆಳೆಯುವುದಿಲ್ಲ. ಮುಂಬಯಿಯಲ್ಲಿ ಸಾವಿರಾರು ಪದ್ಮಿನಿ ಟ್ಯಾಕ್ಸಿಗಳಿದ್ದವು. ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ಕೊನೆಯದೂ ರಸ್ತೆಯಿಂದ ಇಳಿಯಿತು. ನಮ್ಮ ಹೆಬ್ಬಾಳದಲ್ಲೇ 2018ರಲ್ಲಿ ಚರಂಡಿಗೆಂದು ನೆಲ ಅಗೆದಾಗ ಗಂಗರ ಶ್ರೀಪುರುಷನ ಕಾಲದ, ಅಂದರೆ ಕ್ರಿ.ಶ. 750ರ ಸುಮಾರಿನ ಕಿತ್ತಯ್ಯನ ವೀರಗಲ್ಲು ಸಿಕ್ಕಿತು. ಅಗೆಯುತ್ತಿದ್ದವರು ಸುಮ್ಮನೆ ಒಡೆದುಹಾಕಿದ್ದರೆ ಕೇಳುವವರು ಯಾರಿದ್ದರು? ಹಳೆಯದಕ್ಕೆ ಕೈಹಾಕುವ ಮುನ್ನ ಒಮ್ಮೆ ನಿಲ್ಲುವುದು ಒಳ್ಳೆಯ ಅಭ್ಯಾಸ.

ನಿಂತು ನೋಡಿದಾಗ ಬಾಗಿಲು ಸ್ಪೀಕರಿಗೆ ಒಳ್ಳೆಯ ಜಾಗವೇ ಅಲ್ಲ ಎನ್ನುವುದೂ ಹೊಳೆಯಿತು. ಕಿಟಕಿಯ ಗಾಜು ಕೆಳಗಿಳಿದರೆ ಬಾಗಿಲಿನ ಹೊಟ್ಟೆಯೊಳಗೇ ಇಳಿಯಬೇಕು. ಸ್ಪೀಕರಿನ ಅಯಸ್ಕಾಂತ ಅಲ್ಲಿ ಅಡ್ಡ ಬರುತ್ತದೆ. ಮಳೆಯ ನೀರು ಗಾಜಿನ ಸಂದಿಯಿಂದ ಬಾಗಿಲೊಳಗೆ ಇಳಿದು ಕೆಳಗಿನ ರಂಧ್ರಗಳಿಂದ ಹೊರಹೋಗುತ್ತದೆ. ಕಾಗದದ ಶಂಕುವಿನ ಸ್ಪೀಕರು ಅಲ್ಲಿದ್ದರೆ ಎರಡು ಮಳೆಗಾಲಕ್ಕೆ ಹಪ್ಪಳ.

ಬಾಗಿಲಿನ ಮುಂದೆ, ಡ್ಯಾಷ್‌ಬೋರ್ಡಿನ ಕೆಳಗೆ, ಕಾಲಿನ ಪಕ್ಕದಲ್ಲಿ ಎರಡೂ ಕಡೆ ಒಂದು ಅಂಗೈಯಗಲದ ಜಾಗವಿದೆ. ಅಲ್ಲಿ ಪ್ಲೈವುಡ್ಡಿನ ಪುಟ್ಟ ಪೆಟ್ಟಿಗೆ ಮಾಡಿ, ಈಗಾಗಲೇ ಇರುವ ಸ್ಕ್ರೂಗಳಿಗೇ ಕಟ್ಟಿ ನಿಲ್ಲಿಸಿದರೆ? ನಾಲ್ಕಿಂಚಿನ ಸ್ಪೀಕರು ಅಲ್ಲಿ ಕೂತು ಮೇಲಕ್ಕೆ, ಒಳಕ್ಕೆ ನೋಡುತ್ತದೆ. ಇದರಲ್ಲಿ ಇನ್ನೊಂದು ಲಾಭವಿದೆ. ಬಾಗಿಲಿನಲ್ಲಾದರೆ ಹತ್ತಿರದ ಸ್ಪೀಕರು ಕಿವಿಗೆ ತೀರ ಹತ್ತಿರ, ಆಚೆಯದು ದೂರ. ನಲವತ್ತು ಸೆಂಟಿಮೀಟರ್ ವ್ಯತ್ಯಾಸವಾದರೂ ಒಂದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಹೆಚ್ಚು ಅಂತರ ಬೀಳುತ್ತದೆ. ಅಷ್ಟು ಸಾಕು, ಮೊದಲು ತಲುಪಿದ ಕಡೆಯಿಂದಲೇ ಹಾಡು ಬರುತ್ತಿದೆ ಎಂದು ಮಿದುಳು ತೀರ್ಮಾನಿಸಿಬಿಡುತ್ತದೆ. ಕಾಲಿನ ಬಳಿ ಇಟ್ಟರೆ ಎರಡೂ ದೂರ ಹೆಚ್ಚು ಕಡಿಮೆ ಸಮನಾಗಿ, ಹಾಡುವವನು ನಡುವೆ ಬಂದು ಕೂರುತ್ತಾನೆ.

ರಟ್ಟಿನಲ್ಲಿ ಅಳತೆ ಕತ್ತರಿಸಿಕೊಂಡು ಬೀದಿ ಕೊನೆಯ ಬಡಗಿಗೆ ಕೊಟ್ಟೆ. ಎಡಗಡೆಯದು ಚೆನ್ನಾಗಿ ಕೂತಿತು. ಬಲಗಡೆಯದನ್ನು ಕೂರಿಸಿ ಓಡಿಸಿದೆ. ಮನೆಯ ತಿರುವಿನಲ್ಲೇ ಅಕ್ಸಲರೇಟರ್ ಒತ್ತಿದ ಬೂಟು ಪೆಟ್ಟಿಗೆಯ ಅಂಚಿಗೆ ಸಿಕ್ಕಿ ಒಂದು ಕ್ಷಣ ಹಿಂದಕ್ಕೆ ಬರಲಿಲ್ಲ. ಮುಂದೆ ಒಬ್ಬ ಹುಡುಗ ಸೈಕಲ್ಲಿನಲ್ಲಿದ್ದ. ಎಂಜಿನ್ ಆರಿಸಿ ಬ್ರೇಕ್ ಒತ್ತಿದೆ, ಏನೂ ಆಗಲಿಲ್ಲ. ಆದರೆ ಇಳಿದು ಬಾನೆಟ್ಟಿಗೆ ಕೈಯೂರಿ ನಿಂತಾಗ ಮೊಣಕಾಲು ನಡುಗುತ್ತಿತ್ತು. ಅಪ್ಪನಿಗೆ ಹಾಡು ಕೇಳಿಸಲು ಹೊರಟವನು ಯಾರದೋ ಮನೆಯಲ್ಲಿ ಅಳು ಕೇಳಿಸುತ್ತಿದ್ದೆ. ಆ ಪೆಟ್ಟಿಗೆಯನ್ನು ಅಲ್ಲೇ ಬಿಚ್ಚಿ ಹಿಂದಿನ ಸೀಟಿಗೆ ಎಸೆದೆ. ಎರಡು ವಾರ ಅದರ ಸುದ್ದಿಗೇ ಹೋಗಲಿಲ್ಲ. ಆಮೇಲೆ ದಪ್ಪ ಅರ್ಧಕ್ಕಿಳಿಸಿ, ಅಂಚು ಇಳಿಜಾರು ಮಾಡಿಸಿ, ತೆಳ್ಳನೆಯ ಸ್ಪೀಕರು ಹುಡುಕಿ, ಬೂಟಿಗೂ ಅದಕ್ಕೂ ನಾಲ್ಕು ಬೆರಳಿನ ಅಂತರ ಇರುವುದನ್ನು ನಿಂತ ಕಾರಿನಲ್ಲಿ ಹತ್ತಾರು ಸಲ ಒತ್ತಿ ನೋಡಿದ ಮೇಲೆಯೇ ರಸ್ತೆಗಿಳಿದೆ. ಹಳೆಯ ಕಾರಿಗೆ ಏನಾದರೂ ಸೇರಿಸುವ ಓದುಗರು ಬೇರೆಲ್ಲ ಮರೆತರೂ ಇದೊಂದನ್ನು ನೆನಪಿಡಿ. ಪೆಡಲುಗಳ ಸುತ್ತ ಕಾಲಿನದೇ ರಾಜ್ಯ.

ಇನ್ನು ತಂತಿಯ ವಿಷಯ. ನನ್ನ ಹಳೆಯ ಟೇಪ್ ರೆಕಾರ್ಡರಿಗೆ ಎರಡೇ ಬಾಯಿ. ಹೊಸ ಸ್ಪೀಕರುಗಳನ್ನು ಹಿಂದಿನವುಗಳ ತಂತಿಗೇ ಸೇರಿಸಿಬಿಡೋಣ ಎಂದು ಹೊರಟಿದ್ದೆ. ನಾಲ್ಕು ಓಮ್‌ಗೆ ಸಮಾಂತರವಾಗಿ ನಾಲ್ಕು ಓಮ್ ಸೇರಿಸಿದರೆ ಎರಡು ಓಮ್. ರೋಧ ಅರ್ಧವಾದರೆ ವಿದ್ಯುತ್ತು ಎರಡು ಪಟ್ಟು. ನಾಲ್ಕು ಓಮ್‌ಗೆಂದು ಮಾಡಿದ ಯಂತ್ರ ಕಾದು ಸುಟ್ಟುಹೋಗುತ್ತದೆ. ಇದನ್ನು ಮೂವತ್ತು ವರ್ಷದಿಂದ ಹತ್ತನೆಯ ತರಗತಿಗೆ ಪಾಠ ಮಾಡುತ್ತಿರುವವನು ನಾನೇ! ಸರಣಿಯಲ್ಲಿ ಜೋಡಿಸಿದರೆ ಎಂಟು ಓಮ್. ಯಂತ್ರ ಉಳಿಯುತ್ತದೆ, ಶಕ್ತಿ ಅರ್ಧವಾಗುತ್ತದೆ. ಕೊನೆಗೆ ನಾಲ್ಕು ಬಾಯಿಯ ಹೊಸ ಯಂತ್ರವನ್ನು ತಂದು ಗ್ಲೋವ್ ಬಾಕ್ಸಿನೊಳಗೆ ಅಡಗಿಸಿದೆ. ಹಳೆಯದು ಅದರ ಜಾಗದಲ್ಲೇ ಇದೆ. ಅದರ ಬೆಲ್ಟು ಹೋಗಿ ವರ್ಷಗಳಾದವು. ಕ್ಯಾಸೆಟ್ಟುಗಳ ಹಾಡುಗಳನ್ನು ಮಗಳು ಪೆನ್‌ಡ್ರೈವಿಗೆ ಇಳಿಸಿಕೊಟ್ಟಳು.

ಹೊಸ ಯಂತ್ರದ ಡಬ್ಬದ ಮೇಲೆ ‘50 ವ್ಯಾಟ್ ನಾಲ್ಕು’ ಎಂದು ದಪ್ಪಕ್ಷರದಲ್ಲಿತ್ತು. ಎಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು ಹೆಚ್ಚೆಂದರೆ 14.4 ವೋಲ್ಟ್. ಅದೇ ಅಲೆಯ ಶಿಖರವಾದರೆ ಪರಿಣಾಮಕಾರಿ ವೋಲ್ಟೇಜು 10.2 ಆಗುತ್ತದೆ. ಅದನ್ನು ವರ್ಗ ಮಾಡಿ ನಾಲ್ಕು ಓಮ್‌ನಿಂದ ಭಾಗಿಸಿ, 26 ವ್ಯಾಟ್ ಬರುತ್ತದೆ. ಅದೂ ನಷ್ಟವೇ ಇಲ್ಲದಿದ್ದರೆ. ಉಳಿದ ವ್ಯಾಟುಗಳು ಡಬ್ಬದ ಮುದ್ರಣಕ್ಕೇ ಖರ್ಚಾಗಿವೆ ಎಂದು ತಿಳಿಯಬೇಕು. ಚಿಂತೆಯಿಲ್ಲ, ಮುಚ್ಚಿದ ಕಾರಿನಲ್ಲಿ ಐದು ವ್ಯಾಟಿಗೇ ಕಿವಿ ತುಂಬುತ್ತದೆ.

ಎಲ್ಲ ಜೋಡಿಸಿ, ಬ್ಯಾಟರಿಯ ಪಕ್ಕದಲ್ಲೇ ಒಂದು ಫ್ಯೂಸ್ ಇಟ್ಟು, ಅಪ್ಪನನ್ನು ಕೂರಿಸಿ ಹಾಡು ಹಾಕಿದೆ. ಅಪ್ಪ ತಲೆ ಆಚೀಚೆ ತಿರುಗಿಸಿ, “ಹಾಡುವವನು ಕಾರಿಂದ ಇಳಿದುಹೋದ ಹಾಗಿದೆಯಲ್ಲೋ?” ಎಂದರು. ತಬಲದ ಬಾಯಾ ಮಾಯವಾಗಿತ್ತು. ಧ್ವನಿ ಎಲ್ಲ ಕಡೆಯೂ ಇತ್ತು, ಎಲ್ಲೂ ಇರಲಿಲ್ಲ. ನನಗೆ ಹತ್ತು ನಿಮಿಷ ಬೇಕಾಯಿತು. ಒಂದು ಸ್ಪೀಕರಿನ ಎರಡು ತಂತಿ ಅದಲುಬದಲಾಗಿದ್ದವು. ಒಂದು ಶಂಕು ಮುಂದಕ್ಕೆ ದೂಡುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿತ್ತು. ಉದ್ದದ ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತಿದ್ದವು. ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲನ್ನು ಅರೆಕ್ಷಣ ತಾಗಿಸಿದರೆ ಸಾಕು. ಶಂಕು ಹೊರಕ್ಕೆ ಜಿಗಿದರೆ ಸೆಲ್ಲಿನ ಧನ ತುದಿ ತಾಗಿದ್ದೇ ಸ್ಪೀಕರಿನ ಧನ ತುದಿ. 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಈಗಿನ ಮಾದರಿಯ ಸ್ಪೀಕರಿಗೆ ರೂಪ ಕೊಟ್ಟರು. ನೂರು ವರ್ಷವಾದರೂ ಅದರ ಒಳಗುಟ್ಟು ಅಷ್ಟೇ: ಅಯಸ್ಕಾಂತ, ಸುರುಳಿ, ಕಾಗದದ ಶಂಕು. ತಪ್ಪು ಮಾಡುವ ಮೇಷ್ಟ್ರುಗಳೂ ಅಷ್ಟೇ ಹಳಬರು.

ಎರಡನೆಯ ಕಾಟ ಟಿಕ್ ಟಿಕ್ ಸದ್ದು. ಅಕ್ಸಲರೇಟರ್ ಒತ್ತಿದರೆ ಅದೂ ಓಡುತ್ತಿತ್ತು. ಎಂಜಿನ್ ನಿಮಿಷಕ್ಕೆ ಮೂರು ಸಾವಿರ ಸುತ್ತಿದರೆ, ನಾಲ್ಕು ಸಿಲಿಂಡರುಗಳಲ್ಲಿ ಸೆಕೆಂಡಿಗೆ ನೂರು ಕಿಡಿ ಹಾರುತ್ತವೆ. ಪ್ರತಿ ಕಿಡಿಯೂ ಒಂದು ಪುಟ್ಟ ಆಕಾಶವಾಣಿ. ಪ್ಲಗ್ಗಿನ ತಾಮ್ರದ ತಂತಿಗಳ ಬದಲು ರೋಧವಿರುವ ಇಂಗಾಲದ ತಂತಿ ಹಾಕಿಸಿ, ಯಂತ್ರದ ಅರ್ಥಿಂಗ್ ತಂತಿಯ ಜಾಗದಲ್ಲಿ ಬಣ್ಣ, ತುಕ್ಕು ಕೆರೆದು ಬಿಗಿ ಮಾಡಿದ ಮೇಲೆ ಅದು ಸುಮ್ಮನಾಯಿತು. ಖರ್ಚು ಒಟ್ಟು ಏಳು ಸಾವಿರದ ಹತ್ತಿರ. ಹೊಸ ತೂತುಗಳು, ಸೊನ್ನೆ.

ಭಾನುವಾರ ಬೆಳಿಗ್ಗೆ ಆರಕ್ಕೆ, ರಸ್ತೆ ಇನ್ನೂ ನಮ್ಮದಾಗಿರುವಾಗ, ಯಲಹಂಕದ ಕಡೆ ಹೊರಟೆವು. ಕೆರೆಯ ಮೇಲೆ ಮಂಜಿತ್ತು. ಹಿಂದಿನ ಸ್ಪೀಕರುಗಳನ್ನು ಪೂರ್ತಿ ನಿಲ್ಲಿಸಿ ಮುಂದಿನವುಗಳನ್ನು ಮಾತ್ರ ಹಾಕಿದೆ. ಅಪ್ಪ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವರ ತುಟಿ ಅಲುಗುತ್ತಿರುವುದು ಕಂಡಿತು. ಮಾತು ಮಾತಿಗೂ ಹೊಂದುತ್ತಿತ್ತು. ಎರಡು ಹಾಡು ಮುಗಿದವು. ಜಕ್ಕೂರು ದಾಟಿದಾಗ, “ಚೆನ್ನಾಗಿ ತಿಳಿಯುತ್ತೆ,” ಎಂದರು. ನನಗೆ ಶಾಲೆಯಲ್ಲಿ ಯಾರೂ ಕೊಡದ ಪ್ರಶಸ್ತಿ ಸಿಕ್ಕಂತಾಯಿತು.

ಇನ್ನೊಂದು ಹಾಡು ಶುರುವಾಯಿತು. ಅಮ್ಮ ಇದಕ್ಕೆ ಯಾವಾಗಲೂ ಅರ್ಧ ಸಾಲು ಹಿಂದೆ ಬಿದ್ದು ಗುನುಗುತ್ತಿದ್ದಳು. ಸಾಲು ಮುಗಿಯುವ ಹೊತ್ತಿಗೆ ಅವಳಿನ್ನೂ ನಡುವೆ ಇರುತ್ತಿದ್ದಳು. ಅಪ್ಪ ಕಿಟಕಿಯ ತ್ರಿಕೋನದ ಗಾಜನ್ನು ಮುಚ್ಚಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಹಿಂದಿನದು ಪೂರ್ತಿ ಮುಚ್ಚಿದೀಯೇನೋ?”

“ಹೂಂ. ಅದು ಬೇಡ ಅಂದಿರಲ್ಲ.”

“ಮಾತು ಮುಂದೆ ಕೇಳಲಿ. ಹಿಂದೆ ಸ್ವಲ್ಪ ಇರಲಿ ಬಿಡು.”

ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಗ್ಲೋವ್ ಬಾಕ್ಸ್ ತೆಗೆದು ಗುಂಡಿಯನ್ನು ಹಿಂದಕ್ಕೆ ಒಂದಿಷ್ಟು ತಿರುಗಿಸಿದೆ. “ಸಾಕಾ?” ಎಂದೆ. ಅಪ್ಪ ಕೇಳಿಸಿಕೊಂಡು, “ಇನ್ನೊಂಚೂರು” ಎಂದರು. ಇನ್ನೊಂಚೂರು ತಿರುಗಿಸಿದೆ. ಆ ಗುಂಡಿ ಅಂದಿನಿಂದ ಅಲ್ಲೇ ಇದೆ. ಕಾರು ತೊಳೆಯುವ ಹುಡುಗನಿಗೂ ಅದನ್ನು ಮುಟ್ಟಬಾರದೆಂದು ಹೇಳಿದ್ದೇನೆ.

ಒಂದೇ ತೊಂದರೆ ಉಳಿದಿದೆ. ನಮ್ಮ ಕಾರಿನದು ಡೈನಮೊ. ನಿಧಾನಕ್ಕೆ ಉರಿಯುವ ಎಂಜಿನ್ನಿನಲ್ಲಿ ಅದು ಬ್ಯಾಟರಿಗೆ ಏನೂ ಕೊಡುವುದಿಲ್ಲ, ಕೆಂಪು ದೀಪ ಹತ್ತುತ್ತದೆ. ಹೆಬ್ಬಾಳದ ಸಿಗ್ನಲ್‌ನಲ್ಲಿ ನಿಂತಷ್ಟೂ ಹಾಡು ಬ್ಯಾಟರಿಯನ್ನು ತಿನ್ನುತ್ತಿರುತ್ತದೆ. ನಾನು ಯಂತ್ರ ಆರಿಸಲು ಕೈಚಾಚಿದರೆ ಅಪ್ಪ ತಡೆಯುತ್ತಾರೆ. “ಇರಲಿ ಬಿಡೋ, ಈ ಚರಣ ಮುಗಿಯಲಿ. ಸ್ಟಾರ್ಟ್ ಆಗದಿದ್ದರೆ ತಳ್ಳೋಣ.”

ಎಂಬತ್ತೈದರ ಅವರು ತಳ್ಳುವುದಿಲ್ಲ. ತಳ್ಳುವವನು ಯಾರೆಂದು ಇಬ್ಬರಿಗೂ ಗೊತ್ತಿದೆ.